ಹದಿನಾಲ್ಕನೆಯ ಪದ

ತಪ್ಪಿದ್ದು ಒಂದೇ ಒಂದು ಅಂಕಿ.

ಪೇಪರಣ್ಣ ದಿನಪತ್ರಿಕೆಯೊಂದರಲ್ಲಿ ಪುಟ ಜೋಡಿಸುವವನು. ಕೊನೆಯ ಪುಟದ ಮೂಲೆಯಲ್ಲಿ ಬರುವ ಅಂಗೈಯಗಲದ ಪದದಾಟವನ್ನು ಮಾಡುವವನೂ ಅವನೇ, ಆದರೆ ಅಲ್ಲಿ ಅವನ ಹೆಸರಿಲ್ಲ. ಆರು ಇಂಗ್ಲಿಷ್ ಅಕ್ಷರ ಕೊಟ್ಟಿರುತ್ತದೆ. ಒಂದಕ್ಷರವನ್ನು ಒಂದೇ ಸಲ ಬಳಸಿ, ನಾಲ್ಕಕ್ಷರಕ್ಕೆ ಕಡಿಮೆಯಿಲ್ಲದ ಪದಗಳನ್ನು ಹುಡುಕಬೇಕು. ಎಷ್ಟು ಪದಗಳಿವೆ ಎಂಬ ಸಂಖ್ಯೆ ಕೆಳಗೆ, ಉತ್ತರವೆಲ್ಲ ಭಾನುವಾರ. ಹಿಂದಿನ ದಿನದ ಚೌಕದ ಮೇಲೆಯೇ ಹೊಸ ಅಕ್ಷರ ಕೂರಿಸುವುದು ಅವನ ಸೋಮಾರಿ ರೂಢಿ. ಹಾಗೆ ಎಲ್, ಇ, ಎಂ, ಓ, ಎನ್, ಟಿ ಕೂರಿಸಿದ. ಹಿಂದಿನ ದಿನದ ಹದಿನಾಲ್ಕು ಹಾಗೇ ಉಳಿದುಬಿಟ್ಟಿತು. ಅವನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಹದಿಮೂರು.

ಇದು ಅವನಿಗೆ ಗೊತ್ತಾದದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ, ಕತ್ತಿ ಗಂಟಲ ಮೇಲಿದ್ದಾಗ.

"ಬೆಳಿಗ್ಗೆಯಿಂದ ಬಂದ ಗಿರಾಕಿಗಳೆಲ್ಲ ತಲೆ ಕೆರ್ಕೊಂಡಿದ್ದೇ ಆಯ್ತು, ಹದಿಮೂರರ ಮೇಲೆ ಹೋಗ್ತಾನೇ ಇಲ್ಲ," ಎಂದ ಕ್ಷೌರಿಕ. "ಅದ್ಯಾರು ಪೇಪರಣ್ಣ, ನಿಮ್ಮಲ್ಲಿ ಇದನ್ನ ಮಾಡೋ ಮಹಾಶಯ? ಒಂದ್ಸಲ ಈ ಕುರ್ಚೀಲಿ ಕೂರ್ಲಿ, ನುಣ್ಣಗೆ ಮಾಡಿ ಕಳಿಸ್ತೀನಿ."

"ಯಾರೋ ಹೊಸಬರಿರಬೇಕು," ಎಂದ ಪೇಪರಣ್ಣ, ಗಂಟಲು ಅಲುಗಾಡಿಸದೆ.

"ನಮಗಾದ್ರೆ ಆಟ. ಪಾಪ, ನಿಮ್ಮ ಕೆಳಗಿನ ಮನೆ ಟೀಚರಮ್ಮ ಪೆಟ್ಟಿಗೆ ಕಟ್ತಿದಾರಂತೆ."

"ಪೆಟ್ಟಿಗೆ ಯಾಕೆ?"

"ಅವರಿಗೆ ಮರೆವು ಅಂತ ಮಗಳಿಗೆ ಅನುಮಾನ. ಆ ಮೂಲೆ ಆಟ ಮುಗಿಸೋಕಾಗದ ದಿನ ಬಾಯ್ಮುಚ್ಕೊಂಡು ನಿನ್ನ ಮನೆಗೆ ಬರ್ತೀನಿ ಅಂತ ಇವರು ಮಾತು ಕೊಟ್ಟಿದ್ರಂತೆ. ಸಂಜೆ ಮಗಳು ಬರ್ತಾಳೆ."

ಪೇಪರಣ್ಣ ಒಂದು ಕೆನ್ನೆಯ ನೊರೆಯೊಂದಿಗೇ ಎದ್ದು ಓಡಿದ.

ಟೀಚರಮ್ಮ ನಡುಮನೆಯಲ್ಲಿ ಸೀರೆಗಳನ್ನು ಮಡಚುತ್ತಿದ್ದರು. ಪಕ್ಕದಲ್ಲೇ ಪೇಪರು, ಅದರ ಅಂಚಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಹದಿಮೂರು ಪದ, ಕೆಳಗೆ ಖಾಲಿ ಬಿಟ್ಟ ಒಂದು ಗೆರೆ. ಪೇಪರಣ್ಣ ಆ ಗೆರೆಯನ್ನೇ ನೋಡಿದ. ಅವನಿಗೆ ಇಂಗ್ಲಿಷ್ ಕಲಿಸಿದವರೇ ಅವರು.

"ಟೀಚರ್, ಇರೋದೇ ಹದಿಮೂರು. ಆ ಆಟ ಮಾಡೋದು ನಾನೇ. ಸಂಖ್ಯೆ ತಪ್ಪು ಹಾಕ್ಬಿಟ್ಟೆ."

ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನಾ? ಮೂರು ವರ್ಷ ನನ್ನ ಕ್ಲಾಸಲ್ಲಿ ಕಿಟಕಿ ನೋಡ್ಕೊಂಡು ಕೂತಿದ್ದವನು? ಮುದುಕೀನ ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡ ಕಣೋ. ಅಚ್ಚಾದದ್ದು ತಪ್ಪು ಅಂತ ಅಚ್ಚಲ್ಲೇ ಬರ್ಲಿ, ಆಗ ನಂಬ್ತೀನಿ. ಮೊದ್ಲು ಮುಖ ಒರೆಸ್ಕೋ."

ಕಚೇರಿಯಲ್ಲಿ ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಎದುರಿನವನಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ.

"ಈ ತಿಂಗಳಲ್ಲಿ ಇದು ಮೂರನೇ ತಿದ್ದುಪಡಿ ಕಣಯ್ಯ. ಯಾರೂ ದೂರು ಕೊಟ್ಟಿಲ್ಲ. ಸುಮ್ನಿದ್ರೆ ನಿನಗೇ ಒಳ್ಳೇದು."

"ಹಾಕ್ಲೇಬೇಕು ಸಾರ್."

"ಹಾಕು. ನಾಲ್ಕನೇದು ಬಂತೋ, ಆ ಮೂಲೇಲಿ ಸೋಪಿನ ಜಾಹೀರಾತು, ನೀನು ಮನೇಲಿ."

ಮನೆ, ಮಕ್ಕಳ ಶಾಲೆ, ಹೆಂಡತಿಯ ಮುಖ ಎಲ್ಲ ಪೇಪರಣ್ಣನ ಕಣ್ಣ ಮುಂದೆ ಬಂದವು. ಅವುಗಳ ಹಿಂದೆಯೇ ಆ ಖಾಲಿ ಗೆರೆಯೂ ಬಂತು. ಕೂತು ತಾನೇ ಟೈಪು ಮಾಡಿದ: 'ನಿನ್ನೆಯ ಪದಗಳು ಹದಿಮೂರು ಮಾತ್ರ. ತಪ್ಪಿಗೆ ವಿಷಾದಿಸುತ್ತೇವೆ.' ಸಂಜೆ ಪುಟ ಅಚ್ಚಿಗೆ ಹೋದ ಮೇಲೆ ಅದರದೊಂದು ಪ್ರತಿಯನ್ನೂ ತನ್ನ ನೋಟ್‌ಬುಕ್ಕನ್ನೂ ಹಿಡಿದು ಓಡಿದ.

ಟೀಚರಮ್ಮ ಪೆಟ್ಟಿಗೆಯ ಮೇಲೆಯೇ ಕೂತಿದ್ದರು. ತಿದ್ದುಪಡಿಯನ್ನು ಎರಡು ಸಲ ಓದಿದರು. ಅವರ ಮುಖದ ಗಂಟು ಸಡಿಲವಾದದ್ದನ್ನು ನೋಡಿ ಅವನಿಗೆ ಕಣ್ಣು ತುಂಬಿ ಬಂತು. ಕೆಲಸ ಹೋದರೂ ಚಿಂತೆಯಿಲ್ಲ ಎಂದುಕೊಂಡ.

"ಕೂತ್ಕೋ," ಎಂದು ಒಳಗೆ ಹೋಗಿ ನಿಂಬೆಹಣ್ಣಿನ ಪಾನಕ ತಂದು ಕೊಟ್ಟರು. ಅವನು ಕುಡಿಯುತ್ತಿರುವಾಗ, ಹಳೆಯ ಚಾಳಿ ಬಿಡದೆ, ಕೆಂಪು ಪೆನ್ನು ತೆಗೆದು ಅವನ ನೋಟ್‌ಬುಕ್ಕನ್ನು ತಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದೇ ಪದಕ್ಕೆ ಗುರುತು ಹಾಕತೊಡಗಿದರು. ಪೆನ್ನು ನಿಂತಿತು.

"ಎಲ್, ಓ, ಎನ್, ಇ. ಇದು ನನ್ನಲ್ಲಿಲ್ಲ." ಗೋಡೆಯ ಮೇಲೆ ಹಾರ ಹಾಕಿದ್ದ ಗಂಡನ ಫೋಟೋ ನೋಡಿದರು. "ಒಂಟಿ ಅಂತ ಅರ್ಥ. ಹನ್ನೊಂದು ವರ್ಷದಿಂದ ಮನೇಲೇ ಇದೆ ನೋಡು, ಕಣ್ಣಿಗೇ ಬೀಳ್ಲಿಲ್ಲ."

"ಅಂದ್ರೆ ನಿಮ್ಮಲ್ಲಿ ಹನ್ನೆರಡೇನಾ ಟೀಚರ್?"

"ಹದಿಮೂರಿದೆ ಕಣೋ. ನನ್ನಲ್ಲಿರೋ ಒಂದು ನಿನ್ನಲ್ಲಿಲ್ಲ. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಕೈಲಿ ಏನು ಹಿಡ್ಕೊಂಡಿದೀಯ?"

ಪೇಪರಣ್ಣ ಲೋಟ ನೋಡಿದ. ಲೆಮನ್.

"ಒಟ್ಟು ಹದಿನಾಲ್ಕು," ಎಂದರು ಟೀಚರಮ್ಮ. "ನಿನ್ನ ಪೇಪರು ಸರಿಯಾಗೇ ಇತ್ತು."

ಅವನ ಬಾಯಿಯ ಪಾನಕ ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಅವರು ಆಗಲೇ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು: "ಬರಬೇಡ ಕಣೆ. ಆಟ ಮಾಡೋನೇ ಒಂದು ಮರೀತಾನೆ, ನಾನು ಮರೆತರೆ ಅದೇನು ಕಾಯಿಲೆ?"

ಫೋನಿಟ್ಟು ಕಾಗದ ತೆಗೆದುಕೊಂಡರು. ಎರಡು ನಿಮಿಷ ಬರೆದು, ಮಡಚಿ, ಲಕೋಟೆಗೆ ಹಾಕಿ ಅಂಟಿಸಿ ಅವನ ಕೈಗಿತ್ತರು. ಮೇಲೆ ಸಂಪಾದಕರ ವಿಳಾಸ.

"ನಾಳೆ ಬರೋ ತಿದ್ದುಪಡಿ ತಪ್ಪು ಅಂತ ಬರ್ದಿದೀನಿ. ಅಚ್ಚಾದದ್ದು ತಪ್ಪಿದ್ರೆ ಸುಮ್ನಿರೋಕಾಗುತ್ತಾ? ಹೇಗೂ ಆಫೀಸಿಗೆ ಹೋಗ್ತೀಯಲ್ಲ, ನೀನೇ ಕೊಟ್ಬಿಡು."