ಒಂದೂ ತಪ್ಪಿಲ್ಲದ ಪುಟ

ಭೂಮಿಯ ದಕ್ಷಿಣದ ಆ ನಾಡಿನಲ್ಲಿ ಜನವರಿಯೆಂದರೆ ಉರಿಸೆಕೆ. ಬೆಳಗಿನ ಎಂಟು ಗಂಟೆ. ಜನ ಮಾವಿನ ಮರದಡಿ ಕೂತು ತಣ್ಣನೆಯ ಎಲೆಪಾನಕ ತೆರೆರೆ ಹೀರುತ್ತಿದ್ದಾಗ, ಬೇಕರಿಯ ದೋನ್ ತೆಯೋಫಿಲೊ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಆ ಹೊತ್ತಿಗೆ ಅವರು ಒಲೆಯಿಂದ ಚಿಪಾ ರೊಟ್ಟಿ ತೆಗೆಯುತ್ತಿದ್ದರು.

ಇದಕ್ಕೆಲ್ಲ ಕಾರಣ ಕೆಲಸ ಹುಡುಕುತ್ತಿದ್ದ ಹುಡುಗ ಕಾಸಿಯಾನೊ ಮಾಡಿದ ಜಾಲಪುಟ. ಮನೆಯಲ್ಲೇ ಶವಪೆಟ್ಟಿಗೆಯ ಅಂಗಡಿ ಇಟ್ಟಿದ್ದ ದೋನ್ಯಾ ಸುನಿಲ್ದಾ ಅವನಿಗೆ ಹೇಳಿದ್ದಳು: "ಮೊದಲನೇ ಸಾವಿನ ಸುದ್ದಿ ಮರ್ಯಾದೆಯಾಗಿ ಜನಕ್ಕೆ ಮುಟ್ಲಿ. ಆಮೇಲೆ ಕೆಲಸ ಖಾಯಂ." ಮಂಗಳವಾರ ರಾತ್ರಿ ದೋಣಿಯ ಮುದುಕ ಬಾರ್ತೊಲೊ ತೀರಿಕೊಂಡ. ಬುಧವಾರ ಕೋಳಿ ಕೂಗುವಾಗಲೇ ಕಾಸಿಯಾನೊ ಪುಟ ಹಾಕಿದ. ಮೇಲೆ ಒಡತಿ ಸುನಿಲ್ದಾಳ ಚಿತ್ರ. ಅದರ ಕೆಳಗೆ ಒಂದು ಪಕ್ಕ ಬಾರ್ತೊಲೊ, ಇನ್ನೊಂದು ಪಕ್ಕ ಜಾಹೀರಾತು ಕೊಟ್ಟಿದ್ದ ಬೇಕರಿಯವರು. "ಇವರು ನಮ್ಮನ್ನಗಲಿದ್ದಾರೆ, ಸಂಜೆ ಇವರ ಮನೆಯಲ್ಲಿ ಅಂತಿಮ ದರ್ಶನ" ಎಂಬ ಕಪ್ಪು ಸಾಲು ಬಾರ್ತೊಲೊನ ಕೆಳಗೆ. ಪುಟಗಳ ನಿಯಮ ಪರೀಕ್ಷಿಸುವ ತಾಣಕ್ಕೆ ಅದನ್ನು ಒಪ್ಪಿಸಿದ. ಒಂದೂ ತಪ್ಪಿಲ್ಲವೆಂದು ಹಸಿರು ಪಟ್ಟಿ ಬಂತು. ಮೊದಲ ಮಗು ಹುಟ್ಟಿದವನ ಹಾಗೆ ಅದನ್ನೇ ನೋಡುತ್ತ ಕೂತ.

ಗದ್ದಲ ಕೇಳಿ ಬೇಕರಿಗೆ ಓಡಿದರೆ ಬಾಗಿಲ ತುಂಬ ಹೂವು.

"ಯಾವನಯ್ಯಾ ನನ್ನ ಸಾಯಿಸಿದ್ದು?" ಎಂದು ತೆಯೋಫಿಲೊ ಸೌಟು ಬೀಸುತ್ತಿದ್ದರು.

"ಛೇ, ಬದುಕೇ ಇದಾರೆ," ಎಂದು ಹೆಂಗಸೊಬ್ಬಳು ನಿಟ್ಟುಸಿರು ಬಿಟ್ಟಳು. "ಇನ್ನಾದ್ರೂ ರೊಟ್ಟಿ ಸ್ವಲ್ಪ ದಪ್ಪ ಬರುತ್ತೆ ಅಂದ್ಕೊಂಡಿದ್ದೆ."

ಊರವರೆಲ್ಲ ಪುಟ ನೋಡಿದ್ದು ಒವಿದಿಯೊನ ಸೈಬರ್ ಅಂಗಡಿಯಲ್ಲಿ. ಅಲ್ಲಿನ ಹಳೇ ಬ್ರೌಸರಿನಲ್ಲಿ ಕಪ್ಪು ಸಾಲು ಜಾರಿ ಬೇಕರಿಯವರ ಗಲ್ಲದ ಕೆಳಗೆ ಕೂತಿತ್ತು.

"ನನ್ನ ಪುಟ ಸರಿಯಾಗೇ ಇದೆ! ನಿನ್ನ ಬ್ರೌಸರಿಗೆ ನಿಯಮ ಗೊತ್ತಿಲ್ಲ," ಎಂದ ಕಾಸಿಯಾನೊ, ಅಲ್ಲಿಗೆ ನುಗ್ಗಿ.

"ನಿಯಮ ನೋಡೋಕೆ ಯಾರಪ್ಪಾ ಬರ್ತಾರೆ? ಜನ ನೋಡೋದು ಇದನ್ನೇ. ಏನಾದ್ರೂ ಅಡ್ಡದಾರಿ ಮಾಡಿ ಸರಿಮಾಡು."

"ಅಡ್ಡದಾರಿ ಹಿಡಿದ್ರೆ ಹಸಿರು ಹೋಗುತ್ತೆ. ಈ ಗುಜರಿ ಇಟ್ಕೊಂಡು ಬದುಕಿರೋರನ್ನ ಸಾಯಿಸೋಕೆ ನಾಚಿಕೆ ಆಗಲ್ವಾ ನಿಂಗೆ?"

ಒವಿದಿಯೊ ತಲೆ ತಗ್ಗಿಸಿದ. ಕಾಸಿಯಾನೊ ಗೆದ್ದವನಂತೆ ಹೊರಬಿದ್ದ.

ಮನೆಯ ದಾರಿಯಲ್ಲೇ ಬಾರ್ತೊಲೊನ ಅಂಗಳ. ಸಾಲಾಗಿ ಹಾಕಿದ ಕುರ್ಚಿಗಳ ನಡುವೆ ಅವನ ಹೆಂಡತಿ ಎಫಿಹೆನಿಯಾ ಒಬ್ಬಳೇ ನೊಣ ಓಡಿಸುತ್ತಿದ್ದಳು.

"ಬಾ ಮಗ, ಕೂತ್ಕೋ. ಬೆಳಗಿಂದ ಒಂದು ನರಪಿಳ್ಳೆ ಬಂದಿಲ್ಲ. ಊರಿಗೆ ಊರನ್ನೇ ಹೊಳೆ ದಾಟಿಸಿದೋರು ಅವರು. ಏನು ತಪ್ಪು ಮಾಡಿದ್ರೋ?"

ಅವನಿಗೆ ಕೂರಲಾಗಲಿಲ್ಲ. ನೆಲ ನೋಡುತ್ತ ಮನೆ ಸೇರಿದ. ಹಲ್ಲು ಕಚ್ಚಿ, ಹಳೇ ಬ್ರೌಸರಿನಲ್ಲಿ ಸಾಲು ಬಾರ್ತೊಲೊನ ಕೆಳಗೇ ಕೂರುವಂತೆ ಅಡ್ಡದಾರಿಗಳನ್ನೆಲ್ಲ ತುರುಕಿದ. ಪರೀಕ್ಷೆಯ ತಾಣ ಮೆಣಸಿನಕಾಯಿ ಕಣದ ಹಾಗೆ ಕೆಂಪಾಯಿತು. ಅವನ ಸ್ವಂತ ಹೊಸ ಬ್ರೌಸರಿನಲ್ಲಂತೂ ಕಪ್ಪು ಸಾಲು ಮೇಲಕ್ಕೆ ಹಾರಿ ದೋನ್ಯಾ ಸುನಿಲ್ದಾಳ ಚಿತ್ರದ ಕೆಳಗೆ ಕೂತಿತು. "ಹಾಳಾಗಲಿ, ಊರಲ್ಲಿ ಈ ಬ್ರೌಸರ್ ಇರೋದು ನನ್ನೊಬ್ಬನ ಹತ್ರ ತಾನೆ," ಎಂದುಕೊಂಡು ಪುಟ ಹಾಕಿಬಿಟ್ಟ.

ಸಂಜೆ ಇಸ್ತ್ರಿ ಅಂಗಿ ತೊಟ್ಟು ಎಫಿಹೆನಿಯಾಳ ಮನೆಗೆ ಹೋದ. ಈಗ ಜಾಗ ಸಾಲದೆ ಜನ ಬೇಲಿ ಹಿಡಿದು ನಿಂತಿರುತ್ತಾರೆಂದು ಎಣಿಸಿದ್ದ. ಕುರ್ಚಿಗಳು ಹಾಗೆಯೇ ಖಾಲಿ. ಎದುರಿಗೆ ಒವಿದಿಯೊ ಬೆವರು ಒರೆಸುತ್ತ, ಮುಖವರಳಿಸಿ ಬಂದ.

"ನೀನಂದದ್ದು ನಾಟಿತು ಕಣೋ ಕಾಸಿಯಾನೊ. ನಾಚಿಕೆಯಾಗಿ ಊಟಾನೂ ಸೇರಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲಾ ಕಂಪ್ಯೂಟರಿಗೂ ನಿಂದೇ ಹೊಸ ಬ್ರೌಸರ್ ಹಾಕಿದೆ. ಇನ್ನು ನಿನ್ನ ನಿಯಮಕ್ಕೆ ಕೂದಲಷ್ಟೂ ಮೋಸ ಇಲ್ಲ!"

ಕಾಸಿಯಾನೊ ಬೇಲಿ ಹಿಡಿದುಕೊಂಡ. ಆಚೆ ಬೀದಿಯಲ್ಲಿ ಬೆಳಗಿನ ಅದೇ ಹೂವು ಹೊತ್ತು ಜನ ಶವಪೆಟ್ಟಿಗೆಯ ಅಂಗಡಿಯತ್ತ ಸಾಗಿದ್ದರು. ಎಲ್ಲರಿಗಿಂತ ಮುಂದೆ ದೋನ್ ತೆಯೋಫಿಲೊ, ಕಣ್ಣೊರೆಸಿಕೊಳ್ಳುತ್ತ. ಅಂಗಡಿ ಬಾಗಿಲಲ್ಲಿ ದೋನ್ಯಾ ಸುನಿಲ್ದಾ ತನ್ನ ಹೆಸರಿನ ಹೂಮಾಲೆಯನ್ನೇ ಕೈಯಲ್ಲಿ ಹಿಡಿದು ನಿಂತಿದ್ದಳು.

"ಎಲ್ಲಿ ಅವನು?" ಎಂಬ ಅವಳ ಕೂಗು ಹೊಳೆಯವರೆಗೂ ಕೇಳಿಸಿತು.

ಸುದ್ದಿಯನ್ನು ಕೊನೆಗೆ ಮೈಕು ಕಟ್ಟಿದ ಜೀಪು ಬೀದಿಬೀದಿಗೆ ಸಾರಿತು. ಗುರುವಾರ ಬೆಳಗ್ಗೆ ಊರಿಗೆ ಊರೇ ಹಿಂದೆ ನಡೆದು ಬಾರ್ತೊಲೊನನ್ನು ಕಳಿಸಿಕೊಟ್ಟಿತು. ಕಾಸಿಯಾನೊ ಹೊರಟದ್ದು ಶುಕ್ರವಾರದ ಮೊದಲ ಬಸ್ಸಿಗೆ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು.