ಅರ್ಧ ಬಕೆಟ್ ಅಳಿಯ

ಒಂದು ಒಗಟು. ಕುಡಿದಿಲ್ಲ, ಆದ್ರೂ ವಾಲ್ತಾನೆ. ಕಿತ್ಕೊಳ್ಳೋರಿಲ್ಲ, ಆದ್ರೂ ಊಟದ ತಟ್ಟೇನ ಎಡಗೈಲಿ ಬಿಗಿಯಾಗಿ ಹಿಡ್ಕೊಂಡಿರ್ತಾನೆ. ಮಂಚ ಅಲ್ಲಾಡಲ್ಲ, ಆದ್ರೂ ಮಲಗಿದಾಗ ಒಂದು ಕೈ ಗೋಡೆ ಮೇಲೆ. ಯಾರು ಹೇಳಿ?

ತಲೆ ಕೆರ್ಕೋಬೇಡಿ. ಬೆಂಗಳೂರಿನ ಕಗ್ಗದಾಸಪುರದಲ್ಲಿ ನಮ್ಮ ಬೀದಿಯೋರಿಗೆ ಬಿಟ್ರೆ ಇದು ಯಾರಿಗೂ ಗೊತ್ತಾಗಲ್ಲ. ನಮ್ಮ ಪಕ್ಕದ್ಮನೆ ನೇವಿ ಅಣ್ಣ!

ಅಣ್ಣ ಅಂತ ಕರೆಯೋದು ವಯಸ್ಸಿಗೆ, ಮಿಕ್ಕಿದ್ದಕ್ಕೆಲ್ಲ ಫ್ರೆಂಡೇ. ರಜೆಗೆ ಬಂದ ಅಂದ್ರೆ ಸಂಜೆ ಇಬ್ಬರೂ ಟೆರೇಸ್ ಮೇಲೆ ನೀರಿನ ಟ್ಯಾಂಕಿಗೆ ಒರಗಿಕೊಂಡು ಕೂರ್ತೀವಿ. ಅವನು ಬಾಯಿ ಬಿಟ್ರೆ ಒಂದಲ್ಲ ಒಂದು ಎಡವಟ್ಟು ಆಚೆ ಬರುತ್ತೆ. ಸಮುದ್ರದಲ್ಲಿ ಅಲೆ ನಿಂತರೂ ನಿಂತೀತು, ಇವನ ಎಡವಟ್ಟು ನಿಲ್ಲಲ್ಲ.

ಈ ಸಲ ಮಾತ್ರ ಮುಖ ಸಪ್ಪಗಿತ್ತು. ಬಾಣಸವಾಡಿಯ ಒಂದು ಹುಡುಗಿ, ಕಾಲೇಜಲ್ಲಿ ಇವನ ಜೊತೆ ಓದಿದೋಳು, ಮದುವೆ ಆದ್ರೆ ಇವನನ್ನೇ ಅಂತ ಮನೇಲಿ ಹೇಳಿದ್ಲು. ಅವಳಪ್ಪ, "ನೀರಲ್ಲಿರೋನಿಗೆ ಹೆಣ್ಣು ಕೊಡಲ್ಲ. ಬೇಕಾದ್ರೆ ಭಾನುವಾರ ಕರಿ, ಮುಖ ನೋಡ್ಬಿಟ್ಟು ಆಮೇಲೆ ಬೇಡ ಅಂತೀನಿ" ಅಂದಿದ್ರು.

"ಅವರ ಮುಂದೆ ಏನ್ ಮಾತಾಡ್ಲಿ ಮಗಾ?" ಅಂದ ಅಣ್ಣ.

"ನೇವಿ ಕಥೆ ಹೇಳು ಗುರು. ನಗಿಸಿದೋರಿಗೆ ಯಾರೂ ಬೇಡ ಅನ್ನಲ್ಲ."

ಯಾವ ಕಥೆ ಹೇಳೋದು ಅಂತ ಆರಿಸೋಕೆ ಕೂತ್ವಿ.

ಈಜು ಬರುತ್ತಾ?

ಟ್ರೈನಿಂಗಲ್ಲಿ ಮೊದಲನೇ ವಾರ. ದೊಡ್ಡ ಈಜುಕೊಳ, ದಡದಲ್ಲಿ ದೊಡ್ಡ ಮೀಸೆಯ ಮೇಷ್ಟ್ರು. "ಈಜು ಬರೋರು ಕೈ ಎತ್ತಿ" ಅಂದ್ರಂತೆ. ಕರಾವಳಿ ಹುಡುಗರು, ಕೇರಳದ ಹುಡುಗರು ಎಲ್ಲಾ ಎತ್ತಿದ್ರು. ತಾನೊಬ್ಬ ಎತ್ತದಿದ್ರೆ ಬೆಂಗಳೂರಿನ ಮಾನ ಹೋಗುತ್ತೆ ಅಂತ ಇವನೂ ಎತ್ತಿದ. ಇವನು ಅಲ್ಲಿವರೆಗೂ ನೋಡಿದ್ದ ದೊಡ್ಡ ನೀರು ಅಂದ್ರೆ ಹಲಸೂರು ಕೆರೆ. ಅದೂ ಬಸ್ಸಿನ ಕಿಟಕಿಯಿಂದ.

"ಹಾರು" ಅಂದ್ರು. ಹಾರಿದ. ಕಲ್ಲು ಬಿದ್ದಂಗೆ ಸೀದಾ ತಳಕ್ಕೆ ಹೋದ. ಉದ್ದದ ಬಿದಿರುಕೋಲು ಕೊಟ್ಟು ಎಳೆದು ಹಾಕಿದ ಮೇಲೆ ಮೇಷ್ಟ್ರು ಬಗ್ಗಿ ಕೇಳಿದ್ರಂತೆ, "ನೀನು ಈಜು ಕಲ್ತಿದ್ದು ಎಲ್ಲೋ?"

"ಬೆಂಗಳೂರಲ್ಲಿ ಸರ್."

"ಅಲ್ಲಿ ಸಮುದ್ರ ಇಲ್ಲ, ನದಿ ಇಲ್ಲ. ಎಲ್ಲಿದೆಯಪ್ಪ ನೀರು?"

ಇವನು ಮೂಗಿಂದ ನೀರು ಇಳಿಸ್ತಾ ಹೇಳಿದ: "ಮಳೆ ಬಂದ್ರೆ ಅಂಡರ್‌ಪಾಸಲ್ಲಿ ಸಿಗುತ್ತೆ ಸರ್."

ಓಡಿಹೋದ ಊಟ

ಆಮೇಲೆ ಈಜು ಕಲ್ತ, ಪಾಸೂ ಆದ. ಆದ್ರೂ ಮುಳುಗಿದ ಕಥೇನ ಹೆಣ್ಣು ಕೊಡೋರ ಮನೇಲಿ ಹೇಳೋದು ಬೇಡ ಅಂತ ಇನ್ನೊಂದು ತೆಗೆದ್ವಿ.

ಅವರಮ್ಮ ರಾಗಿಹಿಟ್ಟು ಕಟ್ಟಿ ಕಳಿಸಿದ್ರು. ಹಡಗಿನ ಅಡುಗೆಯೋನು ಪಂಜಾಬಿ. ಮುದ್ದೆ ಹೆಸರೇ ಕೇಳಿರ್ಲಿಲ್ಲ. ಇವನು ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಿ ಹೇಳಿಕೊಟ್ಟ. ಆ ಪುಣ್ಯಾತ್ಮ ಕೈಗೆ ತುಪ್ಪ ಸವರಿಕೊಂಡು ಎಂಥ ಮುದ್ದೆ ಕಟ್ಟಿದ ಅಂದ್ರೆ, ಕ್ರಿಕೆಟ್ ಚೆಂಡೂ ಅಷ್ಟು ದುಂಡಗಿರಲ್ಲ.

ಇವನು ತಟ್ಟೆ ಇಟ್ಟು ಸಾರು ತರೋಕೆ ತಿರುಗಿದ. ಹಡಗು ವಾಲ್ತು. ಮುದ್ದೆ ತಟ್ಟೆಯಿಂದ ಇಳೀತು, ಬೆಂಚಿಂದ ಇಳೀತು, ಬಾಗಿಲು ದಾಟಿ ಓಣಿ ಹಿಡೀತು. ಹಿಂದೆ ಇವನು. ಇವನ ಹಿಂದೆ ಸೌಟು ಹಿಡ್ಕೊಂಡು ಪಂಜಾಬಿ. ಮುದ್ದೆ ಹೋಗಿ ನಿಂತಿದ್ದು ದೊಡ್ಡ ಆಫೀಸರ ಬೂಟಿಗೆ ತಾಗಿ.

ಇವನು ಸೆಲ್ಯೂಟ್ ಹೊಡೆದ.

"ಏನಿದು?" ಅಂದ್ರು ಅವರು.

"ನನ್ನ ಊಟ ಸರ್."

"ಎಲ್ಲಿಗೆ ಹೊರಟಿದೆ?"

"ಬೆಂಗಳೂರಿಗೇ ಇರ್ಬೇಕು ಸರ್. ನಂಗಿನ್ನೂ ರಜೆ ಸಿಕ್ಕಿಲ್ಲ."

ಡಬ್ಬಿಗೆ ಹಗ್ಗ

ಇದು ನಾನೇ ಕಣ್ಣಾರೆ ನೋಡಿದ್ದು. ಹಡಗಲ್ಲಿ ಅಲ್ಲಾಡೋದನ್ನೆಲ್ಲ ಕಟ್ಟಿಡ್ಬೇಕಂತೆ. ರಜೆಗೆ ಬಂದ ಮಾರನೇ ಬೆಳಿಗ್ಗೆ ಇವನು ಅಭ್ಯಾಸಬಲದಿಂದ ಅಡುಗೆಮನೆಗೆ ನುಗ್ಗಿ ಸಕ್ಕರೆ ಡಬ್ಬಿ, ಕಾಫಿಪುಡಿ ಡಬ್ಬಿ, ಕುಕ್ಕರು ಎಲ್ಲಾನೂ ಹಗ್ಗದಲ್ಲಿ ಕಪಾಟಿಗೆ ಬಿಗಿದು ನೇವಿ ಗಂಟು ಹಾಕ್ಬಿಟ್ಟಿದ್ದ. ಅವರಮ್ಮ ಎದ್ದು ಕಾಫಿಗೆ ಅಂತ ಡಬ್ಬಿ ಎಳೆದ್ರೆ ಕಪಾಟೇ ಜೊತೇಲಿ ಬಂತು. ಸದ್ದಿಗೆ ನಾನೂ ಓಡಿದೆ.

ಅಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ಕೇಳಿದ್ರು: "ಮನೆ ಎಲ್ಲಿಗೋ ಹೊರಟಿದೆ? ಹೇಳಿದ್ರೆ ನಾನೂ ಸೀರೆ ಉಟ್ಕೋತಿದ್ನಲ್ಲ!"

ಬಾಣಸವಾಡಿಯ ಭಾನುವಾರ

ಒಂದು ಕಥೇನೂ ಗಟ್ಟಿ ಮಾಡದೇ ಹೊರಟ್ವಿ. ಕಮ್ಮನಹಳ್ಳಿ ಮೇನ್ ರೋಡಲ್ಲಿ ಸೇಬು ತಗೊಂಡ್ವಿ. ಅಣ್ಣನ ಇಸ್ತ್ರಿ ಶರ್ಟು ಆಗ್ಲೇ ಬೆನ್ನಿಗೆ ಅಂಟಿತ್ತು. "ನೀನು ಬಾಯಿ ಬಿಡ್ಬೇಡ ಮಗಾ" ಅಂತ ನನ್ನಿಂದ ಆಣೆ ಮಾಡಿಸ್ಕೊಂಡ.

ಹುಡುಗಿ ಅಪ್ಪನದು ನಾಲ್ಕಂತಸ್ತಿನ ಮನೆ. ಕೆಳಗೆ ಅವರು, ಮೇಲೆಲ್ಲ ಬಾಡಿಗೆಯೋರು. ನಾವು ಹೋದಾಗ ಗೇಟಲ್ಲಿ ನಿಂತು ಫೋನಲ್ಲಿ ಕೂಗ್ತಿದ್ರು. "ಬೆಳಿಗ್ಗೆ ಟ್ಯಾಂಕರ್ ಕಳಿಸ್ತೀನಿ ಅಂದೋನು, ಸಂಜೆ ಆಯ್ತಲ್ಲಯ್ಯಾ!" ಫೋನ್ ಇಟ್ಟು ಅದೇ ಕೋಪದಲ್ಲಿ ನಮ್ಮ ಕಡೆ ತಿರುಗಿದ್ರು. "ನೇವಿ ಹುಡುಗ ನೀನೇನಾ? ಕೂತ್ಕೊ. ಹಡಗು ಮುಳುಗಿದ್ರೆ ಏನ್ ಗತಿ?"

ಆಣೆ ಮರೆತೇಹೋಯ್ತು. "ಈಜ್ಕೊಂಡ್ ಬರ್ತಾನೆ ಸರ್!" ಅಂದ್ಬಿಟ್ಟೆ.

"ಬಾಣಸವಾಡಿಗಾ?"

ಅಣ್ಣ ನನ್ನ ತೊಡೆ ಜಿಗುಟಿದ. ಹುಡುಗಿ ಕಾಫಿ ತಂದಿಟ್ಟು, "ಕುಡಿಯೋಕೆ ನೀರು ಒಂದೇ ಲೋಟ ಇದೆ, ಇಬ್ಬರೂ ಹಂಚ್ಕೊಳ್ಳಿ" ಅಂದ್ಲು. ಅವಳಪ್ಪ ನಿಟ್ಟುಸಿರು ಬಿಟ್ರು. "ಮೇಲಿನೋರು ಸ್ನಾನಕ್ಕೆ ಹೋದ್ರೆ ಟ್ಯಾಂಕ್ ಖಾಲಿ ಆಗೋವರೆಗೂ ಆಚೆ ಬರಲ್ಲ."

ಏನಾದ್ರೂ ಮಾತಾಡ್ಬೇಕಲ್ಲ ಅಂತ ಅಣ್ಣ ಮೆಲ್ಲಗೆ, "ನಂಗೆ ಅರ್ಧ ಬಕೆಟ್ ಸಾಕು ಸರ್" ಅಂದ.

ಅವರು ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. "ಏನಂದೆ?"

"ಸಮುದ್ರದ್ದು ಉಪ್ಪು ನೀರು ಸರ್. ಸಿಹಿನೀರು ಹಡಗಲ್ಲೇ ಮಾಡ್ಕೋಬೇಕು. ಅದಕ್ಕೇ ಮೈ ನೆನೆಸಿ, ನಲ್ಲಿ ನಿಲ್ಸಿ, ಸೋಪು ಹಚ್ಚಿ, ಆಮೇಲೆ ತೊಳ್ಕೋತೀವಿ. ಮನೇಲೂ ಅದೇ ಅಭ್ಯಾಸ."

"ತಲೆಗೂ ಸೇರಿ?"

"ತಲೆಗೂ ಸೇರಿ."

"ಸ್ನಾನ ಮಾಡಿದ ನೀರು ಏನ್ಮಾಡ್ತೀಯ?"

"ಹಿಡಿದಿಟ್ಟು ಟಾಯ್ಲೆಟ್ಟಿಗೆ ಹಾಕ್ತೀನಿ."

ಅವರ ಕಣ್ಣಲ್ಲಿ ನೀರು ಬಂದಂಗಾಯ್ತು. ಆ ಮನೇಲಿ ಅವತ್ತು ಬಂದ ನೀರು ಅದೊಂದೇ. ಎದ್ದು ಹೋಗಿ ಮೆಟ್ಟಿಲ ಹತ್ರ ನಿಂತು ಕೂಗಿದ್ರು, "ಎಲ್ರೂ ಕೆಳಗೆ ಬನ್ರೀ!"

ಬಾಡಿಗೆಯೋರೆಲ್ಲ ಬಂದು ಸುತ್ತ ನಿಂತ್ರು. ಮಧ್ಯದಲ್ಲಿ ಅಣ್ಣ, ಮುಂದೆ ಖಾಲಿ ಬಕೆಟ್ಟು, ಕೈಲಿ ಮಗ್ಗು. ಇಸ್ತ್ರಿ ಶರ್ಟಿನ ಮೇಲೇ ಇಲ್ಲದ ನೀರು ಹುಯ್ಕೊಂಡ, ಇಲ್ಲದ ಸೋಪು ಹಚ್ಕೊಂಡ. ಹುಡುಗಿ ಬಾಗಿಲಲ್ಲಿ ಸೆರಗು ಇಲ್ಲದ್ದಕ್ಕೆ ಪರದೆಯನ್ನೇ ಬಾಯಿಗೆ ತುರುಕ್ಕೊಂಡು ನಗ್ತಿದ್ಲು.

"ನೋಡ್ರೀ!" ಅಂದ್ರು ಅಪ್ಪ. "ದೇಶ ಕಾಯೋನು ಅರ್ಧ ಬಕೆಟಲ್ಲಿ ಮುಗಿಸ್ತಾನೆ. ನೀವು ದಿನಾ ಮೂರು ಬಕೆಟ್ ಸುರ್ಕೊಂಡು ಯಾವ ದೇಶ ಕಾಯ್ತಿದ್ದೀರಾ?"

ಆಮೇಲೆ ಅಣ್ಣನ ಹೆಗಲ ಮೇಲೆ ಕೈ ಹಾಕಿ, "ಅಳಿಯಂದ್ರೇ, ಮೂರನೇ ಮಹಡಿಯೋರು ಈಗ ಬಂದ್ರು. ಇನ್ನೊಂದ್ಸಲ ಸ್ನಾನ ಮಾಡಿ" ಅಂದ್ರು.

ಸರಿ, ಸರಿ. ಈ ಕೊನೇ ಮಾತು ನಾನೇ ಸೇರ್ಸಿದ್ದು. ಅವರು ಅಳಿಯಂದ್ರೇ ಅನ್ನಲಿಲ್ಲ. ಬೇಡ ಅಂತಾನೂ ಅನ್ನಲಿಲ್ಲ. ಗೇಟ್ ತನಕ ಬಂದು, ಅಣ್ಣನ್ನ ಅಡಿಯಿಂದ ಮುಡಿವರೆಗೂ ಒಂದ್ಸಲ ನೋಡಿ ಇಷ್ಟೇ ಅಂದ್ರು: "ಮುಂದಿನ ರಜೆ ಬೇಸಿಗೇಲಿ ಹಾಕಪ್ಪ, ಆಗ ಟ್ಯಾಂಕರೂ ಸಿಗಲ್ಲ. ಬರೋವಾಗ ಅಮ್ಮನ್ನೂ ಕರ್ಕೊಂಡ್ ಬಾ."