ಅವರ್ಸಾದ ಬಾವಿಯಲ್ಲೊಂದು ಬಾಟಲಿ

ನನ್ನ ಮಾವನಷ್ಟು ತಾಳ್ಮೆಯ ಮನುಷ್ಯ ಇಡೀ ಅಂಕೋಲಾ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿದಿರೋ, ಕೆಟ್ಟಿರಿ! ನಮ್ಮ ನಿಮ್ಮಂಥವರಲ್ಲಿ ತಾಳ್ಮೆ ಒಂದು ಗುಣ. ಮಾವನಲ್ಲಿ ಅದೊಂದು ಕಾಯಿಲೆ. ವಿಚಿತ್ರವೆಂದರೆ, ಕಾಯಿಲೆ ಅವರದು, ನರಳುವವರು ಮಾತ್ರ ನಾವು.

ಮಾವ ಎಂದರೆ ನನ್ನ ಅಪ್ಪನ ತಂಗಿಯ ಗಂಡ, ನಾನು ಬೆಳೆದದ್ದು ಅವರ ಮನೆಯಲ್ಲೇ. ಮನೆ ಅವರ್ಸಾದಲ್ಲಿ, ನೌಕರಿ ಕದ್ರಾ ಅಣೆಕಟ್ಟಿನಲ್ಲಿ. ನೀರು ಎಲ್ಲಿಯವರೆಗೆ ಏರಿದೆ ಎಂದು ನೋಡುವುದು, ಮೇಲಿನವರಿಗೆ ತಿಳಿಸುವುದು, ಗೇಟು ತೆಗೆಯಿರಿ ಎಂದು ಅವರು ಹೇಳುವವರೆಗೆ ಕಾಯುವುದು. ಕಾಯುವುದಕ್ಕೇ ಸಂಬಳ ಕೊಟ್ಟು ಒಬ್ಬ ಮನುಷ್ಯನನ್ನು ಜೀವನಪೂರ್ತಿ ಕೂರಿಸಿದರೆ ಅವನು ಏನಾಗಬಹುದು? ನನ್ನ ಮಾವ ಆಗುತ್ತಾನೆ. ಹೊಸ ಛತ್ರಿ ತಂದರೆ ಆ ಮಳೆಗಾಲವೆಲ್ಲ ಅದು ಪ್ಲಾಸ್ಟಿಕ್ ಚೀಲದೊಳಗೇ ಗೂಟಕ್ಕೆ ನೇತಾಡಬೇಕು, ಮಾವ ತೊಯ್ದು ತೊಪ್ಪೆಯಾಗಿ ಮನೆಗೆ ಬರಬೇಕು. ಅತ್ತೆಗೆಂದು ತಂದ ಮಿಕ್ಸರು ಡಬ್ಬಿಯಲ್ಲೇ ಮಲಗಿತ್ತು, ಅತ್ತೆ ಒರಳಿನಲ್ಲಿ ಮಸಾಲೆ ಅರೆಯುತ್ತಲೇ ಇದ್ದಳು. ಒರಳು ಇನ್ನೂ ಸವೆದಿಲ್ಲವಲ್ಲ, ಅದು ಮಾವನ ವಾದ!

ಇನ್ನು ಅವರ ಮಾವಿನ ಹಣ್ಣಿನ ವಿಷಯ ಹೇಳಲೇಬೇಕು. ನಮ್ಮ ಕಡೆಯ ಕರಿ ಈಶಾಡು ಹಣ್ಣು ಬಲು ನಾಜೂಕು. ಹದ ಬರುವ ಮೊದಲು ಕೊಯ್ದರೆ ಹಲ್ಲು ಜುಮ್ಮೆನ್ನುತ್ತದೆ, ಹದ ಮೀರಿದರೆ ಒಳಗೆಲ್ಲ ನೀರು. ಆ ಹದ ಹೇಳುವುದರಲ್ಲಿ ಮಾವನದು ಊರಿಗೇ ಹೆಸರಾದ ಮೂಗು. ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ, ಮೂಸಿ, ಕಣ್ಣು ಮುಚ್ಚಿ, "ನಾಳೆ" ಎನ್ನುವರು. ನೆರೆಹೊರೆಯವರ ಹಣ್ಣಿಗೆ ಹೇಳಿದ "ನಾಳೆ" ಎಂದೂ ತಪ್ಪಿದ್ದಿಲ್ಲ. ನಮ್ಮ ಮನೆಯ ಹಣ್ಣಿಗೆ ಮಾತ್ರ ನಾಳೆಯಾದ ಮೇಲೆ ಇನ್ನೊಂದು ನಾಳೆ. ಒಂದು ದಿನ ಬಿಟ್ಟರೆ ಇನ್ನಷ್ಟು ಚೆನ್ನಾಗಿ ಆದೀತೆಂಬ ಆಸೆ! ಹಾಗಾಗಿ ಊರೆಲ್ಲ ಹದವಾದ ಹಣ್ಣು ತಿಂದಿತು, ನಾವು ಬಟ್ಟಲಲ್ಲಿ ಸುರಿದುಕೊಂಡು ಚಮಚದಲ್ಲಿ ಕುಡಿದೆವು.

ಇಂಥವರ ಕೈಗೆ ಯಾರಾದರೂ ಆ ಬಾಟಲಿ ಕೊಡಬಹುದಿತ್ತೇ?

ಕೊಟ್ಟವರು ಕಿನ್ನರ ಎಂಬ ಊರಿನ ಅವರ ಗೆಳೆಯ. ಪ್ರವಾಸಿ ಹಡಗೊಂದರ ಊಟದ ಮನೆಯಲ್ಲಿ ಬಡಿಸುವ ಕೆಲಸ ಅವರದು. ವರ್ಷದ ಬಹುಪಾಲು ಸಮುದ್ರದ ಮೇಲೆ, ಉಳಿದದ್ದು ಮಾವನ ಜಗಲಿಯ ಮೇಲೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ರಜೆಗೆ ಬಂದವರು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿದ ಒಂದು ಕಪ್ಪು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಯಾನದುದ್ದಕ್ಕೂ ಇವರು ಉಪಚಾರ ಮಾಡಿದ್ದಕ್ಕೆ ಒಬ್ಬ ಶ್ರೀಮಂತ ಮುದುಕಿ ಇಳಿಯುವಾಗ ಕೊಟ್ಟದ್ದಂತೆ. ಫ್ರಾನ್ಸಿನ ಯಾವುದೋ ಗುಡ್ಡದ ಇಳಿಜಾರಿನಲ್ಲಿ ಸಿರಾ ಎಂಬ ಜಾತಿಯ ಕಪ್ಪು ದ್ರಾಕ್ಷಿ ಬೆಳೆಯುತ್ತದೆ, ಅದರಿಂದ ಒಬ್ಬ ಮುಂಗೋಪಿ ಮುದುಕ ಮಾಡುವ ವೈನು. ಮಾಡುವುದು ಸ್ವಲ್ಪವೇ. ಮಠದ ಸ್ವಾಮಿಗಳಿಗಿರುವಂತೆ ಅವನಿಗೆ ದೇಶ ದೇಶಗಳಲ್ಲಿ ಭಕ್ತರು. ಅದರಲ್ಲೂ ಈ ಬಾಟಲಿಯ ವರ್ಷ ಅಲ್ಲಿ ಬೇಸಿಗೆಯೇ ಬಂದಿರಲಿಲ್ಲ, ಚಳಿಯೋ ಚಳಿ. ದ್ರಾಕ್ಷಿ ನಿಧಾನವಾಗಿ ಹಣ್ಣಾಯಿತು, ಆದ್ದರಿಂದ ವೈನು ಮಾಗುವುದೂ ನಿಧಾನ. ಅವಸರ ಮಾಡಿ ತೆಗೆದರೆ ಒಗರು. ಕಾದು ತೆಗೆದರೆ ಕಾಳುಮೆಣಸಿನ ಪರಿಮಳ ಬರುತ್ತದೆ.

ಅವಸರ ಮಾಡಬೇಡ ಎಂದು ನನ್ನ ಮಾವನಿಗೆ ಹೇಳುವುದೇ! ಬೆಕ್ಕನ್ನು ಕರೆದು ಹಾಲು ಕುಡಿ ಎಂದು ಒತ್ತಾಯ ಮಾಡಿದ ಹಾಗಾಯಿತು. ಮಾವನ ಮುಖ ಅರಳಿತು. ತನ್ನನ್ನು ಅರ್ಥ ಮಾಡಿಕೊಂಡ ಒಂದು ವಸ್ತು ಕಡೆಗೂ ಈ ಪ್ರಪಂಚದಲ್ಲಿ ಸಿಕ್ಕಿತಲ್ಲ!

ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಮಾತ್ರ ಕಾಳುಮೆಣಸು ಎಂಬ ಮಾತಿಗೆ ತಡೆದಳು. ಅತ್ತೆಯ ನಾಲಗೆ ಸಾಮಾನ್ಯದ್ದಲ್ಲ. ಮದುವೆಮನೆಯ ಸಾರು ನೆಕ್ಕಿ, ಕೊತ್ತಂಬರಿ ಹುರಿದವರು ಯಾರೆಂದು ಹೇಳುವವಳು. ಬೇರೆಯವರ ಅಡುಗೆಯನ್ನು ಅವಳು ಚೆನ್ನಾಗಿದೆ ಎಂದದ್ದನ್ನು ನಾನಂತೂ ಕೇಳಿಲ್ಲ. ಅಂಥವಳು, ಹೆಂಡದ ಅಂಗಡಿ ಕಂಡರೆ ರಸ್ತೆಯ ಆ ಕಡೆಗೆ ದಾಟುವವಳು, ಹೇಳಿದಳು: "ದ್ರಾಕ್ಷಿಯಲ್ಲಿ ಮೆಣಸು ಹ್ಯಾಂಗೆ ಬರ್ತದೆ? ತೆಗೆದ ದಿನ ನಂಗೊಂದು ಚಮಚ ಕೊಡೂದು. ನಾನೇ ನೋಡ್ತೆ."

"ಮೊದಲ ಚಮಚ ನಿಂಗೇಯ," ಎಂದರು ಮಾವ. ಕೊಡುವುದು ಯಾವ ವರ್ಷ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಗೆಳೆಯರು ಹಡಗು ಹತ್ತಿದರು. ಮಾವ ಬಾಟಲಿಯನ್ನು ಏನು ಮಾಡಿದರು ಗೊತ್ತೇ? ಹದ, ಮಾಗುವುದು ಎಂಬ ಮಾತು ಕಿವಿಗೆ ಬಿದ್ದಿತ್ತಲ್ಲ, ಸೀದಾ ಅಟ್ಟದ ಮೇಲೆ ಒಯ್ದು ಹುಲ್ಲಿನಲ್ಲಿ ಹೂತರು! ಕೆಳಗೆ ಹುಲ್ಲು, ಮೇಲೆ ಹುಲ್ಲು, ಅದರ ಮೇಲೆ ಗೋಣಿ, ಅದರ ಮೇಲೆ ಏಪ್ರಿಲ್ ತಿಂಗಳ ಕಾದ ಹೆಂಚು. ಭಾನುವಾರಕ್ಕೊಮ್ಮೆ ಹತ್ತಿ, ಮಗ್ಗುಲು ಬದಲಿಸಿ, ಬಿರಡೆಯನ್ನು ಮೂಸಿ, ತೃಪ್ತಿಯಿಂದ ಇಳಿದು ಬರುವರು. ಮುಂದಿನ ರಜೆಗೆ ಬಂದ ಗೆಳೆಯರು ಇದನ್ನು ಕೇಳಿ ಅಂಗಿಯನ್ನೂ ಬಿಚ್ಚದೆ ಅಟ್ಟ ಹತ್ತಿದರು, ಬಾಟಲಿಯನ್ನು ಎದೆಗವುಚಿಕೊಂಡು ಇಳಿದರು.

"ಇದು ಮಾವಿನಕಾಯಿ ಏನೋ ಮಾರಾಯ? ಇದಕ್ಕೆ ತಂಪು ಬೇಕು. ನೀನು ಬೇಯಿಸಿಟ್ಟಿದ್ದೀಯಲ್ಲೋ," ಎಂದರು ಗೆಳೆಯರು.

ಮಾವ ಯೋಚಿಸಿದರು. "ಹಾಗಾದ್ರೆ ಇನ್ನೂ ನಾಕು ವರ್ಷ ಹೆಚ್ಚಿಗೆ ಇಡ್ವ," ಎಂದರು.

ಕರಾವಳಿಯಲ್ಲಿ ತಂಪು ಎಲ್ಲಿಂದ ತರುವುದು? ಬಾವಿಯಿಂದ. ಬಾಟಲಿ ಒಂದು ಹಳೆಯ ಬಾಲ್ದಿಯಲ್ಲಿ ಕುಳಿತು ಕತ್ತದ ಹಗ್ಗಕ್ಕೆ ನೇತುಬಿದ್ದು ಬಾವಿಗಿಳಿಯಿತು. ಅಂದಿನಿಂದ ಅತ್ತೆ ನೀರು ಸೇದುವುದು ಬಾವಿಯ ಒಂದೇ ಮಗ್ಗುಲಿನಿಂದ, ಅದೂ ಸದ್ದಾಗದಂತೆ. ಯಾಕೆಂದರೆ ಇಂಥ ವೈನು ಮಾಗುವ ನಡುವೆ ಕೆಲವು ವರ್ಷ ಮಲಗಿಬಿಡುತ್ತದೆ, ಆಗ ತೆಗೆದರೆ ವಾಸನೆಯೂ ಇಲ್ಲ ರುಚಿಯೂ ಇಲ್ಲ ಎಂದು ಗೆಳೆಯರು ಬಾಯಿ ತಪ್ಪಿ ಹೇಳಿಬಿಟ್ಟಿದ್ದರು. ಮಲಗಿದ್ದನ್ನು ಎಬ್ಬಿಸುವುದು ಪಾಪವಲ್ಲವೇ! ಒಂದು ಮಳೆಗಾಲದಲ್ಲಿ ನೀರು ಏರಿ, ಬಾಟಲಿಯ ಚೀಟಿ ಕಳಚಿ ತೇಲಿ, ಅತ್ತೆಯ ಕೊಡದೊಳಗೆ ಬಂತು. ಅದನ್ನು ಒಲೆಯ ಪಕ್ಕ ಒಣಗಿಸಿ ಮಾವ ಅನ್ನದ ಗಂಜಿಯಲ್ಲಿ ಅಂಟಿಸಿದರು. ಅಂಟು ಒಣಗಲೆಂದು ಮೂಲೆಯಲ್ಲಿಟ್ಟಾಗ ಜಿರಲೆಗಳು ಆ ಗಂಜಿಯ ಜೊತೆಗೆ ಚೀಟಿಯ ಮೇಲಿದ್ದ ಇಸವಿಯನ್ನೂ ತಿಂದುಹಾಕಿದವು. ಜಗತ್ತಿನ ಭಕ್ತರೆಲ್ಲ ಬಾಯಿಬಿಡುವ ಆ ವರ್ಷವನ್ನು ಸವಿದವು ಅವರ್ಸಾದ ಜಿರಲೆಗಳು, ನಾವಲ್ಲ!

ಹೋಗಲಿ, ತೆಗೆಯುವುದಕ್ಕೆ ಸಂದರ್ಭ ಬರಲಿಲ್ಲವೇ? ಮಾವ ನಿವೃತ್ತರಾದರು, ತೆಗೆಯಲಿಲ್ಲ. ಮನೆಗೆ ಹೊಸ ಹೆಂಚು ಹೊದಿಸಿದರು, ತೆಗೆಯಲಿಲ್ಲ. ಮಕ್ಕಳಿಲ್ಲದ ಅವರಿಗೆ ಮಗಳೆಂದರೆ ನಾನೇ. ಕಾರವಾರದಲ್ಲಿ ನನ್ನ ಮದುವೆ ಗೊತ್ತಾದಾಗ ಗಂಡಿನ ಕಡೆಯ ಹಿರಿಯರೊಬ್ಬರು ಈ ಬಾಟಲಿಯ ಸುದ್ದಿ ಕೇಳಿಯೇ ಅವರ್ಸಾವರೆಗೆ ಬಂದರು. ಮಾವ ಹಗ್ಗ ಎಳೆದು, ಬಾಟಲಿ ಒರೆಸಿ, ಬಿಸಿಲಿಗೆ ಹಿಡಿದು ತೋರಿಸಿದರು. ಹಿರಿಯರು ನೋಡಿದರು, ನಾವೆಲ್ಲ ನೋಡಿದೆವು. ಮಾವ ಹಗ್ಗವನ್ನು ಮತ್ತೆ ಕೆಳಗೆ ಬಿಟ್ಟರು. ದೇವರ ದರ್ಶನಕ್ಕೆ ಹೋದರೂ ಕೈಗೆ ಒಂದಿಷ್ಟು ಪ್ರಸಾದ ಬೀಳುತ್ತದೆ! ಆ ಹಿರಿಯರು ತೆಂಗಿನಕಾಯಿ ನೀರು ಕುಡಿದು ಎದ್ದುಹೋದರು. ನಾನು ಅಳುವುದೊಂದು ಬಾಕಿ.

"ನನ್ನ ಮದುವೆಗಿಂತ ದೊಡ್ಡ ದಿನ ಯಾವುದು ಮಾವ?" ಎಂದು ಕೇಳಿದೆ.

"ಗೇಟು ತೆಗಿಯೂದು ನೀರು ಬಂದಾಗ ತಂಗೀ, ನೆಂಟರು ಬಂದಾಗ ಅಲ್ಲ," ಎಂದರು.

ನಾನು ವೈನು ಕುಡಿಯುವವಳಲ್ಲ. ಕುಡಿದಿದ್ದರೂ ಅದರ ಬೆಲೆ ನನಗೆ ತಿಳಿಯುತ್ತಿರಲಿಲ್ಲ. ಆದರೆ ಒಬ್ಬ ಮನುಷ್ಯ ಒಳ್ಳೆಯದನ್ನೆಲ್ಲ ಹೀಗೆ ಬಾವಿಗೆ ಇಳಿಬಿಟ್ಟುಕೊಂಡು ಕೂತರೆ ಮೈ ಉರಿಯುವುದಿಲ್ಲವೇ? ಗೆಳೆಯರಿಗೂ ಉರಿಯಿತು. ಕೊನೆಯ ಸಲ ಬಂದಾಗ ಅವರು ಕಡ್ಡಿ ಮುರಿದಂತೆ ಹೇಳಿದರು: ಅಟ್ಟದ ಬಿಸಿಯಲ್ಲಿ ಬೆಂದ ಬಾಟಲಿ ಇಷ್ಟು ದಿನ ಉಳಿದದ್ದೇ ಹೆಚ್ಚು. ಮಾಗುವುದಕ್ಕೂ ಸಾಯುವುದಕ್ಕೂ ನಡುವೆ ಇರುವುದು ಸಣ್ಣದೊಂದು ಕಿಂಡಿ. ಈ ವರ್ಷ ತೆಗೆದರೆ ತೆಗೆದ ಹಾಗೆ, ಇಲ್ಲದಿದ್ದರೆ ಮುಂದೆ ಆ ಹುಳಿಯಲ್ಲಿ ದೋಸೆಗೆ ಹಿಟ್ಟು ಕಲಸಿಕೊಳ್ಳಬಹುದು. ಮಾವ ತಲೆಯಾಡಿಸಿದರು. ಗೆಳೆಯರು ಹಡಗಿಗೆ ಹೋದರು. ಬಾಟಲಿ ಬಾವಿಯಲ್ಲೇ ಇತ್ತು.

ಆ ವರ್ಷವೇ ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿತು. ದಕ್ಷಿಣದ ದೊಡ್ಡ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇಟ್ಟುಕೊಂಡು ಕರೆಂಟು, ಅಂದರೆ ವಿಕಿರಣದ ಚಿಕಿತ್ಸೆ, ಕೊಟ್ಟರು. ಗಂಟು ಕರಗಿತು, ಅತ್ತೆ ಉಳಿದಳು. ಆದರೆ ನಾಲಗೆ ಹೋಯಿತು. ಉಪ್ಪು, ಹುಳಿ, ಕಾರ, ಯಾವುದೂ ಇಲ್ಲ, ಏನು ತಿಂದರೂ ಬೂದಿ. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ, ಕಾಯಬೇಕು ಎಂದರು ಡಾಕ್ಟರು. ಕಾಯುವುದನ್ನು ಹೇಳಿಸಿಕೊಳ್ಳುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ?

ಮನೆಗೆ ಬಂದ ಮೇಲೆ ಅಡುಗೆ ಮಾವನದು. ಎಂಥ ಅಡುಗೆ! ಸಾರಿನಲ್ಲಿ ಮೀನು ಕರಗಿ ಮುಳ್ಳು ಮಾತ್ರ ಉಳಿಯುತ್ತಿತ್ತು. ಅನ್ನ ಒಂದು ದಿನ ಕಲ್ಲು, ಒಂದು ದಿನ ಅಂಟು. ಅತ್ತೆ ಅದನ್ನೆಲ್ಲ ನಾಲ್ಕು ತುತ್ತು ನುಂಗಿ, "ಚಲೋ ಅದೆ," ಎನ್ನುವಳು. ದಿನವೂ ಅದೇ ಮಾತು. ಅದನ್ನು ಕೇಳಲಾರದೆ ನಾನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ಅವಳು ತೂಕ ಇಳಿದು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಒಂದು ದಿನ ನಾನು ತಡೆಯಲಾರದೆ ಮಾವನನ್ನು ಬಾವಿಕಟ್ಟೆಗೆ ಎಳೆದು ತಂದೆ. "ಇನ್ನೂ ಯಾರಿಗೆ ಅಂತ ಇಟ್ಟಿದ್ದು ಇದನ್ನು? ಮೊದಲ ಚಮಚ ಅವಳಿಗೆ ಅಂದಿದ್ರಿ. ಅವಳು ಇರುವಾಗ ಕೊಡಿ," ಎಂದೆ. ಇರುವಾಗ ಎಂಬ ಮಾತು ಬಾಯಿಂದ ಬಂದೇಬಿಟ್ಟಿತ್ತು.

ಮಾವ ಹಗ್ಗದ ಗಂಟನ್ನು ಮುಟ್ಟಿ ನೋಡಿದರು, ಅಷ್ಟೇ. "ಈಗ ಬೇಡ ತಂಗೀ. ಇನ್ನೂ ಹದ ಬರ್ಲಿಲ್ಲ."

ಹದವಂತೆ, ಹದ! ಚಹಾ ಸಹ ಕುಡಿಯದೆ ಬಸ್ಸು ಹತ್ತಿದೆ. ಕಾರವಾರ ಮುಟ್ಟುವವರೆಗೂ ಕಿಟಕಿಯ ಕಂಬಿಯನ್ನು ಹಿಡಿದುಕೊಂಡು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದೆ.

ಮತ್ತೆ ಹೋದದ್ದು ಶ್ರಾವಣದಲ್ಲಿ. ಅಡುಗೆಮನೆಗೆ ಕಾಲಿಟ್ಟರೆ ಕಿಟಕಿಯಲ್ಲಿ ಅದೇ ಕಪ್ಪು ಬಾಟಲಿ, ಬಾಯಲ್ಲಿ ಒಂದು ಮನಿ ಪ್ಲಾಂಟಿನ ಬಳ್ಳಿ! ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮದುವೆಗೆ ಇಲ್ಲ, ನಿವೃತ್ತಿಗೆ ಇಲ್ಲ, ತಂದುಕೊಟ್ಟ ಗೆಳೆಯರಿಗೆ ಒಂದು ಮಾತಿಲ್ಲ, ಯಾವುದೋ ಹೆಸರಿಲ್ಲದ ದಿನ ಗುಟ್ಟಾಗಿ ತೆಗೆದು ಕುಡಿದು ಬಳ್ಳಿ ನೆಟ್ಟಿದ್ದಾರೆ! ಯಾವ ಹಬ್ಬ ಇತ್ತು ಎಂದು ಅತ್ತೆಯನ್ನೇ ಕೇಳಿದೆ.

ಹಬ್ಬ ಎಂತದೂ ಇರಲಿಲ್ಲವಂತೆ. ಹೊರಗೆ ಮಳೆ, ಒಳಗೆ ಮಾವ ಮಾಡಿದ ಒಣ ಶೆಟ್ಲಿಯ, ಅಂದರೆ ಸಿಗಡಿಯ, ಸಾರು. ಅತ್ತೆ ಎರಡು ತುತ್ತು ತಿಂದಳು. ಮೂರನೆಯದನ್ನು ಬಾಯಿಗಿಟ್ಟವಳು ಅಲ್ಲೇ ನಿಲ್ಲಿಸಿ, ತಟ್ಟೆಯನ್ನು ದೂಡಿ, "ಇದೆಂತಾ ಸಾರು? ಸಮುದ್ರ ಸುರಿದಿದ್ದೀರಾ? ಇಷ್ಟು ಉಪ್ಪು ಯಾವ ಮನುಷ್ಯ ಹಾಕ್ತಾನೆ?" ಎಂದು ಬೈದಳು. ಬೈಯುತ್ತಲೇ ಇರುವಾಗ ಮಾವ ಊಟ ಬಿಟ್ಟು ಎದ್ದು ಮಳೆಯಲ್ಲೇ ಬಾವಿಗೆ ಓಡಿದರು. ಬಿರಡೆ ತೆಗೆಯುವ ಸಲಕರಣೆ ಮನೆಯಲ್ಲಿಲ್ಲ, ತರುವಷ್ಟು ಪುರುಸೊತ್ತೂ ಇಲ್ಲ. ಕಡೆಗೋಲಿನ ಹಿಡಿಯಿಂದ ಬಿರಡೆಯನ್ನು ಒಳಗೇ ಗುದ್ದಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಸ್ಟೀಲಿನ ಲೋಟಕ್ಕೆ ಹೊಯ್ದರು. ಎಂಜಲು ಕೈಯಲ್ಲೇ ಮೊದಲ ಚಮಚ ಅತ್ತೆಯ ಬಾಯಿಗೆ ಹಿಡಿದರು.

"ಅವರ ಅವಸರಕ್ಕೆ ಅರ್ಧ ಸೀರೆ ಮೇಲೇ ಬಿತ್ತು," ಎಂದಳು ಅತ್ತೆ. "ಮೆಣಸೂ ಇಲ್ಲ, ಎಂತದೂ ಇಲ್ಲ ಅದರಲ್ಲಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಹಿತ್ತಿಲಲ್ಲಿ ಮಾವ ತೆಂಗಿನಕಾಯಿ ಸುಲಿಯುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಇಷ್ಟು ವರ್ಷ ಕಾದದ್ದಲ್ಲವೇ, ಹೇಗಿತ್ತು ಎಂದು ಕೇಳಿದೆ. ಅವರು ಕಾಯಿಯನ್ನು ಕೆಳಗಿಟ್ಟರು. ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲಿಲ್ಲ.

"ಹುಳಿ ಅಂದ್ಲು," ಎಂದರು. "ಹುಳಿ ಅಂದ್ಲು, ತಂಗೀ."